ಮಡಿ ಉಟ್ಟ ಬಿಟ್ಟುಗಳು

ಕಂಪ್ಯೂಟರಿನಲ್ಲಿ ಹಾಡು ಕೇಳಬೇಕೆಂದರೆ ಫೈಲಿನ ಮೇಲೆ ಎರಡು ಸಲ ಒತ್ತಿದರಾಯಿತು ಎಂದು ನಂಬಿರುವ ಪುಣ್ಯವಂತರು ಈ ಬರಹವನ್ನು ಇಲ್ಲಿಗೇ ಬಿಟ್ಟು ಹಾಡು ಕೇಳಲು ಹೋಗಬಹುದು. ಅವರಿಗೆ ಒಳ್ಳೆಯದಾಗಲಿ. ಇದು ಒತ್ತುವ ಮೊದಲು ಆರು ತಿಂಗಳು ಯೋಚಿಸುವವರ ವಿಷಯ. ಅವರಿಗೆ ಆಡಿಯೋಫೈಲ್ ಎಂದು ಹೆಸರು. ಭೈರವಿಯ ಆಲಾಪನೆ ನಡೆದಿರುವಾಗ ರಸಿಕರಾದವರು ತಲೆದೂಗುತ್ತಾರೆ. ಆಡಿಯೋಫೈಲ್ ಕಣ್ಣು ಮುಚ್ಚಿಕೊಂಡು, ತಂಬೂರಿಯವರು ಗಾಯಕರಿಂದ ಎಷ್ಟು ಅಡಿ ಹಿಂದೆ, ಎಷ್ಟು ಅಂಗುಲ ಎಡಕ್ಕೆ ಕೂತಿದ್ದಾರೆ ಎಂದು ಅಳೆಯುತ್ತಾನೆ. ಅಳತೆ ಸರಿಹೋಗದಿದ್ದರೆ ತಪ್ಪು ತಂಬೂರಿಯವರದ್ದಲ್ಲ, ತಂತ್ರಾಂಶದ್ದು.

ತಂತ್ರಾಂಶದವರೆಗೆ ಯಾರೂ ಒಮ್ಮೆಲೇ ಬರುವುದಿಲ್ಲ. ಮೊದಲು ಸ್ಪೀಕರು, ಆಮೇಲೆ ಆಂಪ್ಲಿಫೈಯರು, ಆಮೇಲೆ ಅಂಕಿಗಳನ್ನು ವಿದ್ಯುತ್ತಾಗಿ ಬದಲಿಸುವ ಡ್ಯಾಕ್ ಎಂಬ ಪೆಟ್ಟಿಗೆ, ಆಮೇಲೆ ಹೆಬ್ಬೆರಳು ದಪ್ಪದ ಕೇಬಲ್ಲು. ಇಷ್ಟೆಲ್ಲ ಕೊಂಡ ಮೇಲೂ ಬ್ಯಾಂಕಿನಲ್ಲಿ ದುಡ್ಡು, ಮನಸ್ಸಿನಲ್ಲಿ ಅನುಮಾನ ಎರಡೂ ಉಳಿದಿದ್ದರೆ ಮುಂದಿನ ಮೆಟ್ಟಿಲು ಮ್ಯೂಸಿಕ್ ಪ್ಲೇಯರ್. ಐ.ಟಿ. ಊರಾದ ಬೆಂಗಳೂರಿನಲ್ಲಿ ಈ ಮೆಟ್ಟಿಲ ಮೇಲೆ ನೂಕುನುಗ್ಗಲು. ಹಗಲೆಲ್ಲ ಕಚೇರಿಯಲ್ಲಿ ಕೂತು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಫೈಲುಗಳನ್ನು ಒಂದು ಬಿಟ್ಟೂ ಕದಲದಂತೆ ಸಾಗಿಸುವವನೇ, ರಾತ್ರಿ ಮನೆಗೆ ಬಂದು, ಹಾರ್ಡ್‌ಡಿಸ್ಕಿನಿಂದ ಮೇಜಿನ ಮೇಲಿನ ಡ್ಯಾಕ್‌ವರೆಗಿನ ಮೂರಡಿ ಹಾದಿಯಲ್ಲಿ ಬಿಟ್ಟುಗಳು ಮೈಲಿಗೆಯಾದವೆಂದು ಕೊರಗುತ್ತಾನೆ. ಅವನ ಸಂಬಳ ಬ್ಯಾಂಕಿಗೆ ಬರುವುದೂ ಬಿಟ್ಟುಗಳ ರೂಪದಲ್ಲೇ. ಅದರಲ್ಲಿ ಎಂದೂ ಅವನಿಗೆ 'ಮಂದ್ರಸ್ಥಾಯಿ ಸ್ವಲ್ಪ ತೆಳುವಾಗಿದೆ' ಅನ್ನಿಸಿಲ್ಲ.

ಆ ಮೂರಡಿಯಲ್ಲಿ ಆಗುವುದಾದರೂ ಏನು? 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗಿನಿಂದ ಸಂಗೀತವೆಂದರೆ ಅಂಕಿಗಳು. ಎಡಗಿವಿಗೊಂದು ಸಾಲು, ಬಲಗಿವಿಗೊಂದು ಸಾಲು. ಪ್ರತಿ ಸಾಲಿನಲ್ಲಿ ಸೆಕೆಂಡಿಗೆ 44,100 ಅಂಕಿ. ಒಂದೊಂದು ಅಂಕಿಯೂ 65,536 ಮಟ್ಟಗಳಲ್ಲಿ ಯಾವುದೋ ಒಂದು. 2001ರಲ್ಲಿ ಜಾಶ್ ಕೋಲ್ಸನ್ ಹೊರತಂದ ಫ್ಲ್ಯಾಕ್ ಎಂಬ ವಿಧಾನ ಈ ಅಂಕಿಗಳನ್ನು ಸುಮಾರು ಅರ್ಧ ಜಾಗದಲ್ಲಿ ಮಡಿಸಿಡುತ್ತದೆ, ಬಿಚ್ಚಿದಾಗ ಒಂದೂ ಹೆಚ್ಚುಕಮ್ಮಿಯಿಲ್ಲದೆ ವಾಪಸು ಕೊಡುತ್ತದೆ. ಪ್ಲೇಯರ್ ಮಾಡಬೇಕಾದದ್ದು ಬಿಚ್ಚುವುದು, ಡ್ಯಾಕ್‌ಗೆ ಕೊಡುವುದು, ತಡಮಾಡದಿರುವುದು. ಹತ್ತು ವರ್ಷದ ಹಳೇ ಲ್ಯಾಪ್‌ಟಾಪೂ ಇದನ್ನು ಆಕಳಿಸುತ್ತ ಮಾಡೀತು. ಕೊಟ್ಟ ಅಂಕಿ ಸರಿಯಿದ್ದರೆ ಎಲ್ಲ ಪ್ಲೇಯರುಗಳೂ ಒಂದೇ. ಸರಿಯಿಲ್ಲದಿದ್ದರೆ ಕೇಳಿಸುವುದು 'ಕೊಂಚ ಮಂಕಾದ ಪಿಟೀಲು' ಅಲ್ಲ. ಟಪ್ ಟಪ್ ಸದ್ದು, ಇಲ್ಲವೇ ಏನೂ ಇಲ್ಲ.

ಇಷ್ಟೇ ಆದರೆ ವ್ಯಾಪಾರ ನಡೆಯುವುದು ಹೇಗೆ? ಅದಕ್ಕೇ ಮಡಿ ಬೇಕಾಗುತ್ತದೆ.

ವಿಂಡೋಸ್ ಒಳಗೆ ಒಂದು ಮಿಕ್ಸರ್ ಇದೆ. ಹಾಡು, ಇಮೇಲ್ ಬಂದ ಟಿಂಗ್, ಬ್ರೌಸರಿನಲ್ಲಿ ತಾನಾಗಿ ಶುರುವಾಗುವ ಜಾಹೀರಾತು ಎಲ್ಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತು, ಒಂದೇ ವೇಗಕ್ಕೆ ಬದಲಾಗಿ ಹೊರಗೆ ಬರುತ್ತವೆ. 44,100ರ ಹಾಡು 48,000 ಆಗಿ ಹೊರಟರೆ ಅದು ಮೂಲದ ಅಂಕಿಯಲ್ಲ, ನಿಜ. ಎಕ್ಸ್‌ಪಿ ಕಾಲದಲ್ಲಿ ಈ ಬದಲಾವಣೆ ಒರಟಾಗಿತ್ತೆಂಬ ದೂರಿನಲ್ಲಿ ಹುರುಳೂ ಇತ್ತು. ಪರಿಹಾರ ಎಂದೋ ಸಿಕ್ಕಿದೆ. ಸ್ಟೈನ್‌ಬರ್ಗ್ ಕಂಪನಿ ಸ್ಟುಡಿಯೋಗಳಿಗೆಂದು 1997ರಲ್ಲೇ ಆಸಿಯೋ ಎಂಬ ನೇರದಾರಿ ಮಾಡಿಕೊಟ್ಟಿತು. ವಿಸ್ಟಾ ಬಂದಾಗಿನಿಂದ ವಿಂಡೋಸ್‌ನಲ್ಲೇ ವಸಾಪಿ ಎಂಬುದಿದೆ, ಅದರಲ್ಲೊಂದು 'ಎಕ್ಸ್‌ಕ್ಲೂಸಿವ್' ವಿಧಾನವಿದೆ. ಅದನ್ನು ಒಮ್ಮೆ ಆರಿಸಿಟ್ಟರೆ ಹಾಡು ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ, ಒದ್ದೆ ಪಂಚೆಯಲ್ಲೇ ನೇರ ಡ್ಯಾಕ್ ಸೇರುತ್ತದೆ. ಒಂದು ನಿಮಿಷದ ಕೆಲಸ. ಬಿಟ್ಟಿ ಸಿಗುವ ಪ್ಲೇಯರುಗಳಲ್ಲೂ ಈ ಸೌಲಭ್ಯವಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಡಿ ಎಂದಾದರೂ ಮುಗಿದದ್ದುಂಟೇ? ಬಾವಿಯ ನೀರೇನೋ ಶುದ್ಧ, ಹಗ್ಗವನ್ನು ಯಾರು ಮುಟ್ಟಿದ್ದರು? ಡ್ಯಾಕ್‌ಗೆ ಹೋದ ಬಿಟ್ಟು ಮೂಲದ್ದೇ ಸರಿ. ಅದು ಹೋಗುವಾಗ ಪಕ್ಕದಲ್ಲಿ ಪ್ರಿಂಟರಿನ ಸೇವೆ ಉಸಿರಾಡುತ್ತಿತ್ತೇ? ಆಂಟಿವೈರಸ್ ಎದ್ದು ಕೂತಿತ್ತೇ? ಅದರ ನೆರಳು ವೀಣೆಯ ಮೇಲೆ ಬಿತ್ತೇ? ಹೀಗೆ ನಿದ್ದೆಗೆಟ್ಟವರಿಗಾಗಿಯೇ ವಿಂಡೋಸ್‌ನ ಒಳಸೇವೆಗಳನ್ನು ಒಂದೊಂದಾಗಿ ಹೊಸಿಲಾಚೆ ಕಳಿಸುವ ತಂತ್ರಾಂಶಗಳಿವೆ. ಜೆಪ್ಲೇ ಎಂಬುದರಲ್ಲಿ ಹೈಬರ್ನೇಟ್ ಎಂಬ ಏರ್ಪಾಡೇ ಇತ್ತು: ಹಾಡು ಶುರುವಾಯಿತೆಂದರೆ ಪರದೆ ಆರಿ, ಕೀಲಿಮಣೆ ಕಿವುಡಾಗಿ, ಕಂಪ್ಯೂಟರು ಇಹವನ್ನೇ ಮರೆಯುತ್ತಿತ್ತು. ಇಷ್ಟು ದಶಕಗಳ ಕಂಪ್ಯೂಟರ್ ವಿಜ್ಞಾನ ಸೇರಿ ಕೊನೆಗೆ ಕೈಗೆ ಕೊಟ್ಟದ್ದು ಸ್ಟಾಪ್ ಗುಂಡಿಯಿಲ್ಲದ ಒಂದು ಟೇಪ್‌ರೆಕಾರ್ಡರ್. ಇದೆಲ್ಲ ಎಲ್ಲೋ ಮೂಲೆಯ ಹುಚ್ಚು ಎಂದುಕೊಳ್ಳಬೇಡಿ. 2015ರಲ್ಲಿ ಸೋನಿಯಂಥ ಕಂಪನಿಯೇ 'ಉತ್ತಮ ಧ್ವನಿಗಾಗಿ' 64 ಜಿ.ಬಿ.ಯ ಮೆಮೊರಿ ಕಾರ್ಡೊಂದನ್ನು ಜಪಾನಿನಲ್ಲಿ ಸುಮಾರು 18,500 ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಓದುವಾಗ ಅದು ವಿದ್ಯುತ್ ಗದ್ದಲ ಕಡಿಮೆ ಮಾಡುತ್ತದಂತೆ. ಅದೇ ಕಾರ್ಡಿನಲ್ಲಿ ಎಕ್ಸೆಲ್ ಫೈಲು ಇಟ್ಟರೆ ಲೆಕ್ಕ ಇನ್ನಷ್ಟು ತಾಳೆಯಾಗುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ.

ಬರೀ ಮಡಿ ಸಾಲದು, ಸಂಸ್ಕಾರವೂ ಆಗಬೇಕು ಎನ್ನುವವರಿಗೆ ಎಚ್‌ಕ್ಯೂ ಪ್ಲೇಯರ್ ಇದೆ. ಫಿನ್ಲೆಂಡಿನ ಯುಸ್ಸಿ ಲಾಕೋ ಅವರದ್ದು. ಸೆಕೆಂಡಿಗೆ 44,100 ಇದ್ದ ಅಂಕಿಗಳನ್ನು ಅದು ಲೆಕ್ಕಾಚಾರದಿಂದ ಹಿಗ್ಗಿಸಿ 2,25,79,200 ಮಾಡಬಲ್ಲದು. ಮೋಸವೇನಲ್ಲ, ಗಣಿತ ಗಟ್ಟಿ, ಮಾಡಿದವರು ಬಲ್ಲವರು. ಆದರೆ ಮೂಲದಲ್ಲಿ ಇಲ್ಲದ್ದು ಹಿಗ್ಗಿಸಿದ ಮಾತ್ರಕ್ಕೆ ಹುಟ್ಟುವುದಿಲ್ಲ. ಹುಟ್ಟುವುದು ಶಾಖ. ಆಟಗಳಿಗೆಂದು ಮಾಡಿದ ಗ್ರಾಫಿಕ್ಸ್ ಕಾರ್ಡು ಈ ಲೆಕ್ಕಕ್ಕೆ ದುಡಿದು ಬೆವರಿ, ಕಂಪ್ಯೂಟರಿನ ಫ್ಯಾನು ಗಿರ್ರೆನ್ನುತ್ತದೆ. ಆ ಸದ್ದು ಸಂಗೀತಕ್ಕೆ ಅಡ್ಡಿಯೆಂದು ಕಂಪ್ಯೂಟರನ್ನು ಪಕ್ಕದ ಕೋಣೆಗೆ ಸಾಗಿಸಿ, ಗೋಡೆ ಕೊರೆದು ತಂತಿ ಎಳೆಸುತ್ತಾರೆ. ಆಮೇಲೆ ಕಿವಿಗೆ ಬೀಳುವುದು ಸೀಲಿಂಗ್ ಫ್ಯಾನು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೀದಿಯ ಗದ್ದಲ ಬಾರದಂತೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬನಿಯನ್ನಿನಲ್ಲಿ ಕೂತ ಆಡಿಯೋಫೈಲ್ ಬಂದವರಿಗೆಲ್ಲ ಹೇಳುತ್ತಾನೆ: 'ಈಗ ಕೇಳಿ, ಹಾಡಿನಲ್ಲಿ ಎಷ್ಟು ಗಾಳಿಯಿದೆ!' ಹಾಡಿನಲ್ಲೇನೋ ಇದೆ. ಕೋಣೆಯಲ್ಲಿಲ್ಲ.

ಗದ್ದಲದ ಮಾತು ಬಂತು, ಒಂದು ಸಣ್ಣ ಕೂಡುವ ಲೆಕ್ಕ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಕೇಂದ್ರ ನಿಯಮ ಹೇಳುತ್ತದೆ. ನಮ್ಮ ಬೀದಿಗಳು ಆ ನಿಯಮವನ್ನು ಓದಿಲ್ಲ. ಕಿಟಕಿ ಮುಚ್ಚಿದ ಕೋಣೆಯೊಳಗೆ 35 ಎಂದೇ ಇಟ್ಟುಕೊಳ್ಳೋಣ. 16 ಬಿಟ್ಟಿನ ಮಾಮೂಲಿ ಸಿ.ಡಿ.ಯಲ್ಲಿ ತೀರಾ ಮೆಲ್ಲನೆಯ ಸದ್ದಿನಿಂದ ತೀರಾ ಜೋರಿನವರೆಗೆ 96 ಡೆಸಿಬೆಲ್ ಅಂತರ. ಮೆಲ್ಲನೆಯದು ಕೋಣೆಯ ಗದ್ದಲದ ಮೇಲೆ ಕೇಳಿಸಬೇಕಾದರೆ ಜೋರಿನದು 131ಕ್ಕೆ ಏರಬೇಕು. ಕಿವಿ ನೋಯಲು ಶುರುವಾಗುವುದೇ 120, 130ರ ಆಸುಪಾಸು. ಅಂದರೆ ಸಿ.ಡಿ. ಕೊಡುವುದನ್ನೇ ಪೂರ್ತಿ ಕೇಳಿದರೆ ಆಸ್ಪತ್ರೆ. ಆದರೂ 16 ಸಾಲದು, 24 ಬೇಕು.

ಮತ್ತೆ ಪ್ಲೇಯರುಗಳಿಗೆ ಬಂದರೆ, ಉಳ್ಳವರ ಆಯ್ಕೆ ರೂನ್. 2015ರಲ್ಲಿ ಬಂದಾಗ ಅದರ 'ಆಜೀವ' ಪರವಾನಗಿಗೆ 499 ಡಾಲರ್. ಏರುತ್ತ ಏರುತ್ತ 829 ದಾಟಿತು. ಆಜೀವವೆಂದರೆ ಯಾರ ಜೀವ ಎಂಬುದು ಬೇರೆ ಪ್ರಶ್ನೆ: ಕೊಂಡವನದೋ, ಕಂಪನಿಯದೋ? 2023ರಲ್ಲಿ ಸ್ಯಾಮ್‌ಸಂಗ್ ಒಡೆತನದ ಹರ್ಮನ್ ಅದನ್ನು ಕೊಂಡುಕೊಂಡಿತು, ಸದ್ಯಕ್ಕೆ ಜೀವವಿದೆ. ನೋಡಲು ಚಂದ, ಅದನ್ನು ಒಪ್ಪಲೇಬೇಕು. ಕಲಾವಿದರ ಚಿತ್ರ, ಚರಿತ್ರೆ, ಒಬ್ಬರಿಂದ ಇನ್ನೊಬ್ಬರಿಗೆ ಕೊಂಡಿ. ಆದರೆ ಭಕ್ತರು ನೋಡುವುದು ಪರದೆಯ ಮೂಲೆಯ ಒಂದು ಪುಟ್ಟ ದೀಪವನ್ನು. ಅಂಕಿಗಳು ಹಾಗೆಹಾಗೇ ಹೋದರೆ ನೇರಳೆ, ಬೇಕೆಂದೇ ತಿದ್ದಿ ಕಳಿಸಿದರೆ ನೀಲಿ, ಗುಣಮಟ್ಟ ತಗ್ಗಿದರೆ ಹಳದಿ. ಹಾಡು ಅದೇ, ಕಿವಿ ಅದೇ. ದೀಪ ಹಳದಿಯಾದ ಕ್ಷಣ ಗಾಯಕಿಯ ಗಂಟಲು ಕಟ್ಟುತ್ತದೆ. ಇದೇ ರೂನ್‌ನ ಎರಡನೇ ಆವೃತ್ತಿ 2022ರಲ್ಲಿ ಬಂದಾಗ, ಅದು ನಡೆಯಲು ಸದಾ ಇಂಟರ್ನೆಟ್ ಸಂಪರ್ಕ ಬೇಕು ಎಂದಿತ್ತು. ನಿಮ್ಮದೇ ಡಿಸ್ಕು, ನಿಮ್ಮದೇ ಫೈಲು, ನಿಮ್ಮದೇ ಸ್ಪೀಕರು. ಮಳೆಗೆ ಮರ ಬಿದ್ದು ಬೀದಿಯ ಕೇಬಲ್ ಹರಿದರೆ ಹಾಡು ಬಂದ್. ಗಲಾಟೆಯೆದ್ದ ಮೇಲೆ ಹಳೆಯ ಆವೃತ್ತಿಯನ್ನೂ ಉಳಿಸಿಕೊಟ್ಟರು. ಫ್ರಾನ್ಸಿನ ಆಡಿರ್ವಾನಾ 2021ರಲ್ಲಿ ಮಾರಾಟ ಬಿಟ್ಟು ಬಾಡಿಗೆಗೆ ಇಳಿದು, ಬೈಸಿಕೊಂಡು, ಕೊಳ್ಳಬಹುದಾದ ಇನ್ನೊಂದನ್ನು ಪಕ್ಕಕ್ಕಿಟ್ಟಿತು. ಅಮೆರಿಕದ ಜೆ ರಿವರ್‌ಗೆ ಹೊಸ ಸಂಖ್ಯೆ ಬಂದಾಗಲೆಲ್ಲ ಮತ್ತೆ ದುಡ್ಡು. ಇವರನ್ನು ದೂರಲಾಗದು. ಹೊಟ್ಟೆಪಾಡು ಎಲ್ಲರಿಗೂ ಇದೆ. ಅಂಕಿಯನ್ನು ಹಾಗೇ ದಾಟಿಸಿದೆ ಎಂದರೆ ಯಾರು ಎರಡನೇ ಸಲ ದುಡ್ಡು ಕೊಡುತ್ತಾರೆ?

ಹಾಗಾಗಿ ಪ್ರತಿ ಹೊಸ ಆವೃತ್ತಿಗೂ ಧ್ವನಿ 'ಸುಧಾರಿಸುತ್ತದೆ'. ವಿಮರ್ಶಕರು ಸಾಲಾಗಿ ಸಾಕ್ಷಿ ನುಡಿಯುತ್ತಾರೆ: ಪರದೆ ಸರಿದಂತಾಯಿತು, ಹಿನ್ನೆಲೆ ಇನ್ನಷ್ಟು ಕಪ್ಪಾಯಿತು. ಆವೃತ್ತಿಗೊಂದು ಪರದೆಯಂತೆ ಸರಿಯುತ್ತ ಬಂದರೂ ಮುಗಿಯದ್ದನ್ನು ನೋಡಿದರೆ ದ್ರೌಪದಿಯ ಸೀರೆಗೂ ಇಷ್ಟು ಗಜ ಇರಲಿಲ್ಲ. ಇನ್ನೊಂದು ಸಾಕ್ಷಿ ಎಲ್ಲ ದೇಶಗಳ ವಿಮರ್ಶೆಗಳಲ್ಲೂ ಕಾಯಂ: 'ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ವ್ಯತ್ಯಾಸ ಗೊತ್ತಾಗಿ, ಏನು ಬದಲಾಯಿಸಿದಿರಿ ಎಂದು ಕೇಳಿದಳು.' ಒಗ್ಗರಣೆಯ ಚಟಪಟದ ನಡುವೆ, ಎರಡು ಗೋಡೆಯಾಚೆಯಿಂದ, ಅಂಕಿಗಳಲ್ಲಿ ಆಗದೇ ಇರುವ ಬದಲಾವಣೆಯನ್ನು ಗುರುತಿಸುವ ಈ ಗೃಹಿಣಿಯರ ಶ್ರವಣಶಕ್ತಿಯ ಬಗ್ಗೆ ಯಾರೂ ಸಂಶೋಧನೆ ಮಾಡಿಲ್ಲ. ನನಗೆ ಪರಿಚಯದ ಮನೆಗಳಲ್ಲಿ ಅಡುಗೆಮನೆಯಿಂದ ಬರುವ ವಿಮರ್ಶೆ ಒಂದೇ: 'ರೀ, ಸ್ವಲ್ಪ ಸೌಂಡು ಕಮ್ಮಿ ಮಾಡ್ರೀ.'

ಈ ಜಾತ್ರೆಯ ಮೂಲೆಯಲ್ಲೊಬ್ಬ ಬೆಪ್ಪ ಕೂತಿದ್ದಾನೆ. ಹಿಂದೆ ವಿನಾಂಪ್ ಮಾಡಿದ ನಲ್‌ಸಾಫ್ಟ್‌ಗಾಗಿ ದುಡಿದಿದ್ದ ಪೀಟರ್ ಪಾವ್ಲೋವ್ಸ್ಕಿ 2002ರಲ್ಲಿ ಹೊರಬಿಟ್ಟ ಫೂಬಾರ್2000. ಡೆಸ್ಕ್‌ಟಾಪಿಗೆ ಬಿಟ್ಟಿ. ಮುಖ ನೋಡಿದರೆ ತಾಲ್ಲೂಕು ಕಚೇರಿಯ ದಾಖಲೆ ಪುಸ್ತಕ. ಇದು ಬೇರೆ ಪ್ಲೇಯರುಗಳಿಗಿಂತ ಚೆನ್ನಾಗಿ ಕೇಳಿಸುತ್ತದೆಯೇ ಎಂಬ ಪ್ರಶ್ನೆಗೆ ಮಾಡಿದವರೇ ಕೊಟ್ಟಿರುವ ಉತ್ತರ: ಇಲ್ಲ, ಜನ ಕೇಳಿದೆವೆನ್ನುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಮನಸ್ಸಿನ ಆಟ. ಇಡೀ ಸಂತೆಯಲ್ಲಿ ತನ್ನ ಸರಕು ಬೇರೆಯವರದ್ದಕ್ಕಿಂತ ಮೇಲಲ್ಲ ಎಂದು ಫಲಕ ಹಾಕಿದವನು ಇವನೊಬ್ಬನೇ, ದುಡ್ಡು ಕೇಳದವನೂ ಇವನೇ. ಸಹಜವಾಗಿಯೇ ಆಡಿಯೋಫೈಲ್‌ಗಳಿಗೆ ಇವನ ಮೇಲೆ ಅನುಮಾನ. 'ಚೆನ್ನಾಗಿದೆ, ಆದರೆ ಸ್ವಲ್ಪ ಒಣ' ಎನ್ನುತ್ತಾರೆ. ಎಂಟುನೂರು ಡಾಲರ್ ಸುರಿದರೆ ಯಾವ ಧ್ವನಿಗಾದರೂ ಒಂದಿಷ್ಟು ತೇವ ಬಂದೀತು.

ಫೂಬಾರ್‌ನಲ್ಲಿ ಇನ್ನೂ ದೊಡ್ಡ ಅಧಿಕಪ್ರಸಂಗವಿದೆ: ಎಬಿಎಕ್ಸ್ ಎಂಬ ಉಪಾಂಗ. ಎರಡು ಫೈಲುಗಳನ್ನು ಎ, ಬಿ ಎಂದು ಹೆಸರಿಟ್ಟು ಕೊಡುತ್ತದೆ. ಎಕ್ಸ್ ಎಂದು ಗುಟ್ಟಾಗಿ ಒಂದನ್ನು ಕೇಳಿಸಿ, ಇದು ಯಾವುದು ಹೇಳು ಎನ್ನುತ್ತದೆ. ಹದಿನಾರು ಸಲ. ಸುಮ್ಮನೆ ನಾಣ್ಯ ಚಿಮ್ಮಿದರೂ ಎಂಟು ಸರಿಯಾಗುತ್ತದೆ. ಹನ್ನೆರಡು ದಾಟಿದರೆ ನಿಮಗೆ ನಿಜಕ್ಕೂ ಏನೋ ಕೇಳಿಸಿದೆ ಎಂದು ನಂಬಬಹುದು. ಇದಕ್ಕಿಂತ ಅಗ್ಗದ ಅಗ್ನಿಪರೀಕ್ಷೆ ಸಿಕ್ಕದು. ಆದರೆ ಇದರ ಹೆಸರೆತ್ತಿದರೆ ಆಡಿಯೋಫೈಲ್‌ಗೆ ಕೂಡಲೇ ನೆಗಡಿ. ಪರೀಕ್ಷೆಯ ಒತ್ತಡದಲ್ಲಿ ಕಿವಿ ಮುಚ್ಚಿಕೊಳ್ಳುತ್ತದಂತೆ. ವ್ಯತ್ಯಾಸ ತಿಳಿಯಲು ವಾರಗಟ್ಟಲೆ ಕೇಳಬೇಕಂತೆ. ಸಂಗೀತ ಹೃದಯದ್ದಂತೆ, ಅಂಕಿಸಂಖ್ಯೆಯದ್ದಲ್ಲವಂತೆ. ಹೊಸ ಆವೃತ್ತಿ ಹಾಕಿದ ಎರಡೇ ಸೆಕೆಂಡಿನಲ್ಲಿ ಪರದೆ ಸರಿದದ್ದನ್ನು ಕೇಳಿದವನೂ ಇವನೇ. ಯಾವುದು ಎಂದು ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತು ಕಿವಿ ಬಹಳ ಚುರುಕು.

ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಬಾಸ್ಟನ್ ಸೀಮೆಯ ಕೇಳುಗರನ್ನು ಕೂರಿಸಿ ಮಾಡಿದ ಪ್ರಯೋಗವೊಂದು 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಉನ್ನತ ದರ್ಜೆಯ ಧ್ವನಿಮುದ್ರಣ ಒಂದು ಕಡೆ. ಅದನ್ನೇ ನಡುವೆ ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದ್ದು ಇನ್ನೊಂದು ಕಡೆ. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯಕ್ಕೆ ಬಿಟ್ಟಿದ್ದರೂ ಒಂದು ಹೆಚ್ಚು ಬರುತ್ತಿತ್ತು. ಆಮೇಲೆ 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಹದಿನೆಂಟು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ನೂರಕ್ಕೆ 52ರ ಆಸುಪಾಸು ಸರಿಯುತ್ತರ ಕಂಡಿತು, ತರಬೇತಿ ಪಡೆದವರಲ್ಲಿ ಇನ್ನೂ ಹೆಚ್ಚು. ನ್ಯಾಯವಾಗಿ ಇದನ್ನೂ ಹೇಳಬೇಕು. ಆಡಿಯೋಫೈಲ್ ಲೋಕ ಆ ಎರಡು ಅಂಕಕ್ಕೆ ದೀಪಾವಳಿ ಆಚರಿಸಿತು. ಆದರೆ ಅದು ಬೇರೆ ಬೇರೆ ಅಂಕಿಗಳಿರುವ ಫೈಲುಗಳ ನಡುವಿನ ಹೋಲಿಕೆ. ಪ್ಲೇಯರುಗಳ ಜಗಳದಲ್ಲಿ ಅಂಕಿಗಳೂ ಅವವೇ; ಆ ಎರಡು ಅಂಕವೂ ಇವರ ಪಾಲಿಗಿಲ್ಲ. ಮೇಲಾಗಿ ಹದಿಹರೆಯದ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ, ಐವತ್ತು ದಾಟಿದ ಹೆಚ್ಚಿನವರಿಗೆ 14,000 ಮೇಲಿನದು ಕೇಳಿಸುವುದೇ ಕಷ್ಟ. ಕೇಳಿಸುವ ವಯಸ್ಸಿನಲ್ಲಿ ದುಡ್ಡಿರುವುದಿಲ್ಲ, ದುಡ್ಡಿನ ವಯಸ್ಸಿನಲ್ಲಿ ಕೇಳಿಸುವುದಿಲ್ಲ. ಈ ಉದ್ಯಮ ನಿಂತಿರುವುದೇ ಆ ನಡುವಿನ ಅಂತರದ ಮೇಲೆ.

ಡಿಜಿಟಲ್ ಸಹವಾಸವೇ ಬೇಡವೆಂದು ಕಪ್ಪು ತಟ್ಟೆಗೆ ಮರಳಿದವರ ಕಥೆಯೂ ಸುಖಾಂತವಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ತಟ್ಟೆಗಳನ್ನು ಅಪ್ಪಟ ಅನಲಾಗ್ ಎಂದು ಪೂಜಿಸುತ್ತಿದ್ದರು. 2011ರಿಂದಲೇ ಅವುಗಳಲ್ಲಿ ಹಲವು ನಡುವೆ ಡಿಜಿಟಲ್ ಹಂತ ದಾಟಿ ಬರುತ್ತಿದ್ದವೆಂದು 2022ರಲ್ಲಿ ಅರಿಜೋನಾದ ರೆಕಾರ್ಡ್ ಅಂಗಡಿಯವರೊಬ್ಬರು ಬಯಲು ಮಾಡಿದರು. ಕೇಳಿ ಕಂಡುಹಿಡಿದದ್ದಲ್ಲ, ಯಾರೋ ಕಿವಿಯಲ್ಲಿ ಊದಿದ್ದರು. ಹನ್ನೊಂದು ವರ್ಷ ಜಗತ್ತಿನ ಚಿನ್ನದ ಕಿವಿಗಳೆಲ್ಲ ಆ ತಟ್ಟೆಗಳಲ್ಲಿ ಅನಲಾಗ್‌ನ ಬೆಚ್ಚನೆಯ ಸ್ಪರ್ಶವನ್ನು ಅನುಭವಿಸಿದ್ದವು. ಕೊಂಡವರು ಹೂಡಿದ ಮೊಕದ್ದಮೆ ಸುಮಾರು 2.5 ಕೋಟಿ ಡಾಲರಿಗೆ ರಾಜಿಯಾಯಿತು. ಕಿವಿಗಳು ಯಾರಿಗೂ ಏನೂ ಪರಿಹಾರ ಕೊಡಲಿಲ್ಲ.

ಉಡುಪಿಯ ಮಧ್ವಾಚಾರ್ಯರು ಐದು ಭೇದಗಳನ್ನು ಹೇಳಿದರು. ಜಡಕ್ಕೂ ಜಡಕ್ಕೂ ಇರುವ ಭೇದ ಅವುಗಳಲ್ಲೊಂದು. ಆಚಾರ್ಯರು ಕಡೇಪಕ್ಷ ಎರಡು ಬೇರೆ ವಸ್ತುಗಳ ಮಾತಾಡಿದ್ದರು. ಆಡಿಯೋಫೈಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಳಕ್ಕೂ ಏಳಕ್ಕೂ ಭೇದ ಕಾಣುತ್ತಾನೆ. ಇದನ್ನು ಇತ್ಯರ್ಥ ಮಾಡಲು ಒಂದು ಸುಲಭೋಪಾಯವಿದೆ. ಎರಡು ಪ್ಲೇಯರುಗಳು ಹೊರಬಿಡುವ ಅಂಕಿಗಳನ್ನು ಹಿಡಿದಿಟ್ಟು, ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸುವುದು. ವ್ಯತ್ಯಾಸವಿದ್ದರೆ ಅದಷ್ಟೇ ಉಳಿಯುತ್ತದೆ. ಇಲ್ಲದಿದ್ದರೆ ಬರೀ ಸೊನ್ನೆ. ದುಬಾರಿಯದೊಂದು, ಬಿಟ್ಟಿಯದೊಂದು ಕೂಡಿಸಿ ಬಂದ ಸೊನ್ನೆಗಳ ಫೈಲನ್ನು ಮಿತ್ರರೊಬ್ಬರಿಗೆ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು. ಆಮೇಲೆ ಕೇಳಿದರು: 'ಮೌನವೇನೋ ಸರಿ ಸಾರ್. ಆದರೆ ಇದನ್ನ ಯಾವ ಪ್ಲೇಯರ್‌ನಲ್ಲಿ ಹಾಕಿದೀರಿ? ಸ್ವಲ್ಪ ಬೂದು ಹೊಡೀತಿದೆ.'

ಅದಿರಲಿ, ಇಷ್ಟೆಲ್ಲ ಮಡಿಯಲ್ಲಿ ಬರಮಾಡಿಕೊಳ್ಳುವ ಸಂಗೀತವಾದರೂ ಯಾವುದು? ನಮ್ಮವರ ಡಿಸ್ಕುಗಳಲ್ಲಿ ನಿಜಕ್ಕೂ ಬೆಲೆಬಾಳುವುದು ಅಂಗಡಿಯಲ್ಲಿ ಕೊಂಡದ್ದಲ್ಲ. ಚಾಮರಾಜಪೇಟೆಯ ರಾಮಸೇವೆಯ ಚಪ್ಪರದಲ್ಲಿ ಯಾರೋ ಪುಣ್ಯಾತ್ಮರು ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಹಿಡಿದ ಕಛೇರಿ. ಆಕಾಶವಾಣಿಯಿಂದ ರಾತ್ರಿ ಹತ್ತರ ಮೇಲೆ ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು. ಅದರ ನಕಲಿನ ನಕಲು. ಸುಸ್ಸೆನ್ನುವ ಟೇಪು, ನಡುವೆ ಕೆಮ್ಮು, ಆಲಾಪನೆಯ ತುತ್ತತುದಿಯಲ್ಲಿ ಹೊರಗಡೆ ಆಟೋ ಹಾರನ್ನು. ಆ ಆಟೋ ಈಗ ಸೆಕೆಂಡಿಗೆ ಎರಡೂಕಾಲು ಕೋಟಿ ಅಂಕಿಗಳಲ್ಲಿ ಹಾದುಹೋಗುತ್ತದೆ. ಇನ್ನೂ ಹಿಂದಿನದಿದೆ. 1902ರಲ್ಲಿ ಗ್ರಾಮೊಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ಕೊಂಬಿನಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಿ, ಮೂರು ನಿಮಿಷದಲ್ಲಿ ರಾಗ ಕಟ್ಟಿ ಮುಗಿಸಬೇಕು. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಗಾಯಕಿಯ ತಟ್ಟೆಗಳನ್ನು 24 ಬಿಟ್, 192 ಕಿಲೋಹರ್ಟ್ಸ್ ಫೈಲಾಗಿ ಕೂಡಿಟ್ಟವರಿದ್ದಾರೆ. ಸಂಗ್ರಹಾಲಯದವರು ಹಾಗೆ ಮಾಡುವುದಕ್ಕೆ ಕಾರಣವಿದೆ, ಆಮೇಲೆ ಕೆರೆತ ತೆಗೆಯಲು ಅನುಕೂಲ. ಕೇಳುವವನಿಗೆ? ಮೂರು ಸಾವಿರ ಹರ್ಟ್ಸ್ ಮೇಲಿನದನ್ನು ಆ ಕೊಳವೆ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಮಿಕ್ಕ 93 ಸಾವಿರದಲ್ಲಿರುವುದು ಮುಳ್ಳು ಅರಗನ್ನು ಕೆರೆಯುವ ಸದ್ದು, ಅದೂ ಸ್ವಲ್ಪ ದೂರದವರೆಗೆ.

ಹಾಗಾದರೆ ಪ್ಲೇಯರುಗಳಲ್ಲಿ ಆರಿಸಲು ಏನೂ ಇಲ್ಲವೇ ಎಂದರೆ ಇದೆ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ರಾಗ, ತಾನ, ಪಲ್ಲವಿಯನ್ನು ಸಿ.ಡಿ.ಯವರು ಮೂರು ತುಂಡು ಮಾಡಿಟ್ಟಿರುತ್ತಾರೆ. ತುಂಡಿನಿಂದ ತುಂಡಿಗೆ ಅರೆಕ್ಷಣವೂ ನಿಲ್ಲದೆ ಪ್ಲೇಯರು ಹರಿಸಬಲ್ಲದೇ? ಒಂದು ಕಛೇರಿ ಪಿಸುಗುಟ್ಟಿ, ಮುಂದಿನದು ಕಿರುಚದಂತೆ ಮಟ್ಟ ಸರಿದೂಗಿಸಬಲ್ಲದೇ? ಎಲ್ಲಕ್ಕಿಂತ ಹೆಚ್ಚಾಗಿ, ಬೇಕಾದ್ದನ್ನು ಹುಡುಕಿ ಕೊಡಬಲ್ಲದೇ? ಹೆಚ್ಚಿನ ಪ್ಲೇಯರುಗಳು ಲೋಕವನ್ನು ಆರ್ಟಿಸ್ಟ್, ಆಲ್ಬಂ, ಟ್ರ್ಯಾಕ್ ಎಂದು ಮೂರು ಮಾಡಿ ನಿಶ್ಚಿಂತೆಯಾಗಿವೆ. ರಾಗ ಎಲ್ಲಿ ಬರೆಯಬೇಕು? ತಾಳ? ಪಿಟೀಲು ಯಾರು, ಮೃದಂಗ ಯಾರು? ತ್ಯಾಗರಾಜರು ಮೂರು ನಮೂನೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಮೂವರಾಗಿ, ಮೂರು ಮನೆ ಮಾಡಿಕೊಂಡಿದ್ದಾರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಅರ್ಧ ಎಂ ಅಕ್ಷರದಲ್ಲಿ, ಅರ್ಧ ಎಸ್ ಅಕ್ಷರದಲ್ಲಿ. ಪುರಂದರದಾಸರು 'ಟ್ರೆಡಿಷನಲ್'; ಹೆಸರೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಪ್ರಕಾರ 'ವರ್ಲ್ಡ್', ಧಾರವಾಡ ಬೇರೆ ಗ್ರಹದಲ್ಲಿದೆಯೇನೋ ಎಂಬಂತೆ. ಇದನ್ನು ತಿದ್ದಲು ದಾರಿಯಿದೆ. ಫೂಬಾರ್‌ನಲ್ಲಿ, ಜೆ ರಿವರ್‌ನಲ್ಲಿ ನಿಮಗೆ ಬೇಕಾದ ಖಾನೆಗಳನ್ನು ನೀವೇ ತೆರೆದುಕೊಂಡು, ರಾಗ ತಾಳ ಪಕ್ಕವಾದ್ಯ ಎಲ್ಲವನ್ನೂ ಕನ್ನಡದಲ್ಲೇ ತುಂಬಬಹುದು. ಆಮೇಲೆ ಒಂದು ರಾಗ ಬರೆದರೆ ನಲವತ್ತು ವರ್ಷಗಳ ಅಂತರದ ಐದು ಗಾಯಕರು ಸಾಲಾಗಿ ಬಂದು ಕೂರುತ್ತಾರೆ. ಅದು ನಿಜವಾದ ಸುಖ. ಆದರೆ ಅದಕ್ಕೆ ಭಾನುವಾರಗಳನ್ನು ಕೊಡಬೇಕು, ರಾಗ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಬೇಕು. ದುಡ್ಡು ಕೊಟ್ಟು ಮುಗಿಸುವಂತಿಲ್ಲ. ಹಾಗಾಗಿ ಆಡಿಯೋಫೈಲ್‌ಗೆ ಆಸಕ್ತಿಯಿಲ್ಲ.

ಮೊನ್ನೆ ಅಂಥ ಒಬ್ಬರ ಕೋಣೆಯಲ್ಲಿ ಕೂತಿದ್ದೆವು. ಗೋಡೆ ಕೊರೆದದ್ದಾಗಿತ್ತು, ಫ್ಯಾನು ನಿಂತಿತ್ತು. 'ಜಗದೋದ್ಧಾರನ' ಹಾಕಿ ಸಾರ್ ಎಂದೆ. ಪುರಂದರದಾಸರ ಹೆಸರಿನಲ್ಲಿ ಹುಡುಕಿದರು, ಸಿಗಲಿಲ್ಲ. ಎಂ.ಎಸ್. ಎಂದು ಹುಡುಕಿದರೆ ಕಾಳಿದಾಸನ ಕಾಲದಿಂದ ಹೆಸರಿಲ್ಲದೆ ಬಿದ್ದಿರುವಂಥ 'ಟ್ರ್ಯಾಕ್ 03'ಗಳು ಇನ್ನೂರು. ರಾಗದಿಂದ ಹುಡುಕೋಣ ಎಂದು ಉತ್ಸಾಹದಿಂದ 'ಕಾಪಿ' ಎಂದು ಇಂಗ್ಲಿಷಿನಲ್ಲಿ ಬರೆದರು. ತಂತ್ರಾಂಶ ಇಂಟರ್ನೆಟ್ಟನ್ನೆಲ್ಲ ಜಾಲಾಡಿ, ನಿಮಗೆ ಇದು ಇಷ್ಟವಾಗಬಹುದು ಎಂದು ಕಾಫಿ ಹೋಟೆಲುಗಳಿಗೆ ಹೇಳಿಮಾಡಿಸಿದ ಮೂರು ಗಂಟೆಯ ಜಾಝ್ ಹಿನ್ನೆಲೆ ಸಂಗೀತವನ್ನು ತಂದು ಹಾಕಿತು. ಅದನ್ನೇ ಕೇಳಿದೆವು. ಪ್ಲೇಯರಿನ ದೀಪ ಕೊನೆಯವರೆಗೂ ಮಡಿಯಲ್ಲೇ ಇತ್ತು.